ಜರ್ಮನಿಯ ಮನೆಯಲ್ಲಿ ನಮ್ಮ ಮಗಳ ದಿನಚರ್ಯೆ

ಭಕ್ತ ಕುಟುಂಬಗಳ ಹೆಣ್ಣುಮಕ್ಕಳು ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಕಡಲಾಚೆಗೆ ಹೋಗುವುದು ಈಗ ಅಪರೂಪವಲ್ಲ. ಜರ್ಮನಿಗೆ ‘ಓ ಪೇರ್’ ಆಗಿ ತೆರಳುವುದು ಅಂತಹ ಮಾರ್ಗಗಳಲ್ಲೊಂದು. ಅಲ್ಲಿನ ಕುಟುಂಬವೊಂದರ ಮನೆಯಲ್ಲಿಯೇ ವಾಸವಿದ್ದು, ಅವರ ಮಕ್ಕಳನ್ನು ನೋಡಿಕೊಂಡು, ಹಗುರವಾದ ಮನೆಗೆಲಸದಲ್ಲಿ ನೆರವಾಗಿ, ಜೊತೆಗೆ ಭಾಷೆಯನ್ನು ಕಲಿಯುವ ವ್ಯವಸ್ಥೆ ಇದು. ಫ್ರೆಂಚ್ ಮೂಲದ ಆ ಪದಕ್ಕೆ ‘ಸಮಾನ ನೆಲೆಯಲ್ಲಿ’ ಎಂದು ಅರ್ಥ. ಎಂದರೆ ಹೋಗುವವಳು ಆಳೂ ಅಲ್ಲ, ನೆಂಟಳೂ ಅಲ್ಲ. ಒಂದು ವರ್ಷದ ಮಟ್ಟಿಗೆ ಆ ಮನೆಯ ಸದಸ್ಯೆ.

ವೈದ್ಯರಾದ ನಮಗೆ ಇಲ್ಲಿ ಕಾಣುವ ಮುಖ್ಯ ವಿಷಯ ಒಂದೇ. ದುಡಿಯುವ ಸ್ಥಳವೂ ಮಲಗುವ ಸ್ಥಳವೂ ಒಂದೇ ಆದಾಗ ಕೆಲಸಕ್ಕೆ ಗಡಿ ಇರುವುದಿಲ್ಲ. ಗಡಿಯಿಲ್ಲದ ಕೆಲಸವು ಮೊದಲು ನಿದ್ರೆಯನ್ನು, ನಂತರ ಹಸಿವನ್ನು, ಕೊನೆಗೆ ಮನಸ್ಸನ್ನು ಕೆಡಿಸುತ್ತದೆ. ಆದುದರಿಂದ ಆ ದೇಶದ ನಿಯಮಗಳನ್ನು ನಾವು ಆರೋಗ್ಯದ ನಿಯಮಗಳೆಂದೇ ಓದಬೇಕು.

ಗಡಿಯ ಅರಿವು

ಅರ್ಜಿ ಸಲ್ಲಿಸುವಾಗ ವಯಸ್ಸು 18 ತುಂಬಿರಬೇಕು, 27 ತುಂಬಿರಬಾರದು. ಜರ್ಮನ್ ಭಾಷೆಯ ಮೊದಲ ಹಂತವಾದ ‘ಎ1’ ತಿಳಿದಿರಬೇಕು. ವಾಸ್ತವ್ಯ ಕನಿಷ್ಠ ಆರು ತಿಂಗಳು, ಗರಿಷ್ಠ ಒಂದು ವರ್ಷ. ಕೆಲಸ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ ಮೀರಬಾರದು. ಸಂಜೆ ಮಕ್ಕಳನ್ನು ಕಾಯುವುದೂ ಈ ಲೆಕ್ಕದಲ್ಲಿಯೇ ಸೇರುತ್ತದೆ. ವಾರಕ್ಕೆ ಒಂದೂವರೆ ದಿನ ಬಿಡುವು, ನಾಲ್ಕು ಸಂಜೆ ಬಿಡುವು, ಪೂರ್ಣ ವರ್ಷವಿದ್ದರೆ ನಾಲ್ಕು ವಾರ ರಜೆ, ಸ್ವಂತ ಕೋಣೆ ಇವು ಆಕೆಯ ಹಕ್ಕು. ಊಟ ವಸತಿಗಳಲ್ಲದೆ ತಿಂಗಳಿಗೆ 280 ಯೂರೋ ಕೈಖರ್ಚನ್ನೂ ಭಾಷಾ ತರಗತಿಗೆ 70 ಯೂರೋವರೆಗೆ ನೆರವನ್ನೂ ಕುಟುಂಬ ಕೊಡಬೇಕು. ಆರೋಗ್ಯ ಮತ್ತು ಅಪಘಾತ ವಿಮೆಯ ಕಂತು ಕೂಡ ಅವರದೇ. ಮನೆಯ ವೃದ್ಧರ ಶುಶ್ರೂಷೆ ಆಕೆಯ ಕರ್ತವ್ಯವಲ್ಲ.

ಈ ವಿಮೆಯು ಸಾಮಾನ್ಯವಾಗಿ ಹಳೆಯ ಕಾಯಿಲೆಗಳಿಗೆ ಒದಗುವುದಿಲ್ಲ. ಆದುದರಿಂದ ಹಲ್ಲು, ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್ ಇವುಗಳ ಪರೀಕ್ಷೆಯನ್ನು ಇಲ್ಲಿಯೇ ಮುಗಿಸಿಕೊಂಡು ಹೋಗುವುದು ಲೇಸು.

ಆಹಾರ

ಬೆಳಿಗ್ಗೆ ಬ್ರೆಡ್ಡು, ಬೆಣ್ಣೆ, ಜಾಮ್, ಚೀಸ್, ಮಧ್ಯಾಹ್ನ ಬಿಸಿಯೂಟ, ಸಂಜೆ ಆರು–ಏಳರ ಸುಮಾರಿಗೆ ‘ಆಬೆಂಡ್‌ಬ್ರೋಟ್’ ಎಂಬ ತಣ್ಣನೆಯ ಊಟ. ಹಲವು ಜರ್ಮನ್ ಮನೆಗಳ ಪದ್ಧತಿ ಇದು. ಬಿಸಿ ರೊಟ್ಟಿ, ಬೇಳೆ, ಪಲ್ಯಗಳಿಗೆ ಒಗ್ಗಿದ ಹೊಟ್ಟೆಗೆ ಒಣ ಬ್ರೆಡ್ಡು, ತಣ್ಣನೆಯ ಚೀಸು ಮಲಬದ್ಧತೆ ತರುವುದುಂಟು. ಸಂಜೆ ಹೊತ್ತಿಗೆ ಒಂದು ಬಟ್ಟಲು ಬಿಸಿ ಬೇಳೆಕಟ್ಟು ಮಾಡಿಕೊಳ್ಳಲು ಅನುಮತಿ ಕೇಳುವುದು ಸಂಕೋಚದ ವಿಷಯವಲ್ಲ. ಕೆಂಪು ಚನ್ನಂಗಿ ಬೇಳೆ, ಓಟ್ಸ್, ಗಟ್ಟಿ ಮೊಸರನ್ನು ಹೋಲುವ ‘ಕ್ವಾರ್ಕ್’ ಅಲ್ಲಿ ಸುಲಭವಾಗಿ ದೊರೆಯುತ್ತವೆ. ಉಪ್ಪಿಲ್ಲದ ಬೆಣ್ಣೆಯನ್ನು ಕಾಯಿಸಿದರೆ ತುಪ್ಪವೂ ಆಯಿತು.

ಶಾಕಾಹಾರಿಗಳು ತಮ್ಮ ನಿಯಮವನ್ನು ಮೊದಲ ಪತ್ರದಲ್ಲಿಯೇ ತಿಳಿಸಬೇಕು. ಮಕ್ಕಳು ಪ್ರೀತಿಯಿಂದ ಕೊಡುವ ಜೆಲ್ಲಿ ಮಿಠಾಯಿಗಳಲ್ಲಿ ಬಹುಪಾಲು ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಪೊಟ್ಟಣದ ಮೇಲೆ ‘ವೆಗೆಟಾರಿಶ್’ ಎಂಬ ಪದವನ್ನು ನೋಡಿಕೊಳ್ಳುವ ಅಭ್ಯಾಸವಿರಲಿ. ಹಾಗೆಯೇ ಆ ಮನೆಯ ಮಕ್ಕಳಿಗೆ ಮಾಂಸದ ತುಣುಕನ್ನು ಬಡಿಸಬೇಕಾಗಬಹುದು. ಅದು ತನ್ನಿಂದ ಆಗುವುದೋ ಇಲ್ಲವೋ ಎಂಬುದನ್ನು ಹೊರಡುವ ಮುನ್ನವೇ ಮಗಳು ನಿರ್ಧರಿಸಿ ಹೇಳಬೇಕು.

ನಿದ್ರೆ ಮತ್ತು ಬೆಳಕು

ಡಿಸೆಂಬರ್ ಕೊನೆಯ ವಾರದಲ್ಲಿ ಬರ್ಲಿನ್ನಿನಲ್ಲಿ ಸೂರ್ಯೋದಯ ಎಂಟೂಕಾಲರ ಸುಮಾರಿಗೆ, ಸೂರ್ಯಾಸ್ತ ನಾಲ್ಕು ಗಂಟೆಯ ಹೊತ್ತಿಗೆ. ಮಕ್ಕಳನ್ನು ಶಿಶುವಿಹಾರಕ್ಕೆ ಬಿಡುವಾಗಲೂ ಕತ್ತಲೆ, ಕರೆತರುವಾಗಲೂ ಕತ್ತಲೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅಲ್ಲಿನ ಓರೆ ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ಸಾಕಷ್ಟು ಹುಟ್ಟುವುದಿಲ್ಲ. ನಮ್ಮ ಶ್ಯಾಮಲ ಚರ್ಮಕ್ಕಂತೂ ಇನ್ನೂ ಹೆಚ್ಚು ಬಿಸಿಲು ಬೇಕು. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರೆ ಸೇವಿಸುವುದು ಅವಶ್ಯ. ಇದಕ್ಕೆ ಕಷಾಯ ಪರ್ಯಾಯವಲ್ಲ. ನಮ್ಮ ಶಾಸ್ತ್ರವು ಹೇಮಂತ ಋತುವಿಗೆ ವಿಧಿಸಿರುವ ಎಣ್ಣೆಯ ಅಭ್ಯಂಗ, ಸ್ನಿಗ್ಧ ಆಹಾರಗಳು ಅಲ್ಲಿನ ಒಣ ಚಳಿಗೆ ಹೇಳಿ ಮಾಡಿಸಿದಂತಿವೆ. ಮಧ್ಯಾಹ್ನದ ಬೆಳಕಿನಲ್ಲಿ ಅರ್ಧ ಗಂಟೆ ನಡಿಗೆ ತಪ್ಪದಿರಲಿ.

ಇಷ್ಟಲಿಂಗ ಪೂಜೆಗೆ ಬೆಳಗಿನ ಹದಿನೈದು ನಿಮಿಷದ ಮೌನ ಬೇಕೆಂದು ಮನೆಯವರಿಗೆ ತಿಳಿಸಿದರೆ ಸಾಕು. ಆದರೆ ಅಲ್ಲಿ ಮಲಗುವ ಕೋಣೆಗಳಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಕಡ್ಡಾಯ. ಧೂಪ, ಕರ್ಪೂರಗಳನ್ನು ಬಿಟ್ಟು ವಿಭೂತಿ, ಜಲಗಳಲ್ಲಿಯೇ ಪೂಜೆ ನಡೆಯಲಿ.

ಮಕ್ಕಳ ಆರೈಕೆ

ಕೂಸಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮ ಹಿರಿಯರ ರೂಢಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ. ಅದರಲ್ಲಿರಬಹುದಾದ ಸೂಕ್ಷ್ಮಾಣು ಬೊಟ್ಯುಲಿಸಂ ಎಂಬ ರೋಗ ತರಬಲ್ಲದು. ಇಲ್ಲಿಯೂ ಕೊಡಬಾರದು, ಅಲ್ಲಿಯಂತೂ ಸಲ್ಲದು. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಆ ಮಕ್ಕಳಿಗೆ ನಮ್ಮ ಯಾವ ಔಷಧಿಯನ್ನೂ ಕೊಡಲಾಗದು, ಎಣ್ಣೆಯನ್ನೂ ತಿಕ್ಕಲಾಗದು.

ಬೇಸಗೆಯಲ್ಲಿ ಮಕ್ಕಳೊಡನೆ ಕಾಡಿನಂಚಿಗೆ ಹೋಗಿ ಬಂದಾಗ ಮೈಮೇಲೆ ಉಣುಗು ಹತ್ತಿದೆಯೇ ಎಂದು ನೋಡಬೇಕು. ದಕ್ಷಿಣ ಜರ್ಮನಿಯಲ್ಲಿ ಉಣುಗಿನಿಂದ ಹರಡುವ ಮೆದುಳಿನ ಉರಿಯೂತವಿದೆ. ಅದರ ವೈರಾಣುವು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣುವಿಗೆ ಹತ್ತಿರದ ಬಂಧು. ಅಲ್ಲಿನ ಕಾಯಿಲೆಗೆ ಲಸಿಕೆ ಲಭ್ಯವಿದೆ.

ಮನಸ್ಸು

ಹೊಸ ಭಾಷೆಯ ಮನೆಯಲ್ಲಿ ಎಲ್ಲರೂ ನಗುವಾಗ ತಾನೊಬ್ಬಳೇ ಅರ್ಥವಾಗದೆ ಕೂರುವುದು ಸಣ್ಣ ನೋವಲ್ಲ. ಭಾಷಾ ತರಗತಿಯಲ್ಲಿ ದೊರೆಯುವ ಗೆಳತಿಯರು ಇದಕ್ಕೆ ಮೊದಲ ಮದ್ದು. ತರಗತಿಯನ್ನು ಬಿಟ್ಟವಳು ಒಂಟಿಯಾಗುತ್ತಾಳೆ. ಎರಡು ವಾರಕ್ಕೂ ಮೀರಿ ನಿದ್ರೆ, ಹಸಿವು, ಉತ್ಸಾಹ ಕುಂದಿದರೆ ವೈದ್ಯರನ್ನು ಕಾಣಲೇಬೇಕು. ತುರ್ತು ವೈದ್ಯಸೇವೆಗೆ 112, ಪೊಲೀಸರಿಗೆ 110, ರಾತ್ರಿ ಮತ್ತು ರಜಾದಿನಗಳಲ್ಲಿ ತುರ್ತಲ್ಲದ ವೈದ್ಯಸಲಹೆಗೆ 116117, ಹಿಂಸೆಗೊಳಗಾದ ಮಹಿಳೆಯರಿಗೆ 116016. ಈ ಸಂಖ್ಯೆಗಳು ಮಗಳ ಬಳಿಯೂ ತಂದೆತಾಯಿಗಳ ಬಳಿಯೂ ಇರಲಿ.

ತಂದೆತಾಯಿಗಳಿಗೂ ಒಂದು ಮಾತು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ನೀವು ರಾತ್ರಿ ಒಂಬತ್ತಕ್ಕೆ ಕರೆ ಮಾಡಿದರೆ ಆಕೆ ಮಕ್ಕಳ ನಡುವೆ ಇರುತ್ತಾಳೆ. ‘ಆರಾಮ ಇದ್ದೀನವ್ವ’ ಎಂದಷ್ಟೇ ಹೇಳಿ ಮುಗಿಸುತ್ತಾಳೆ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿ ಊರು ಶಾಂತವಾಗಿರುತ್ತದೆ. ಅಂದು ಆಕೆಗೆ ಬಿಡುವಿರುವ ಹೊತ್ತನ್ನು ನಿಗದಿ ಮಾಡಿಕೊಂಡು ನಿಧಾನವಾಗಿ ಮಾತನಾಡಿ. ಸಂಬಳವೆಷ್ಟು ಎಂದು ಕೇಳುವ ಮೊದಲು ನಿನ್ನೆ ಎಷ್ಟು ಗಂಟೆ ದುಡಿದೆ, ಏನು ಉಂಡೆ, ಎಷ್ಟು ಹೊತ್ತು ಮಲಗಿದೆ ಎಂದು ಕೇಳಿ. ಮೂವತ್ತು ಗಂಟೆ ವಾರವಾರವೂ ಮೀರುತ್ತಿದ್ದರೆ ಸಹಿಸಿಕೋ ಎನ್ನಬೇಡಿ. ಅಲ್ಲಿನ ಅಧಿಕಾರಿಗಳ ಒಪ್ಪಿಗೆ ಪಡೆದು ಕುಟುಂಬವನ್ನು ಬದಲಿಸಲು ಅವಕಾಶವಿದೆ. ಮರಳಿ ಬರುವುದೂ ಸೋಲಲ್ಲ.

ಪರರ ಮಗುವಿಗೆ ಉಣಿಸಿ, ಮಲಗಿಸುವುದು ಕಾಯಕವೇ ಸರಿ, ಅದರಲ್ಲಿ ಕೀಳೆಂಬುದಿಲ್ಲ. ಆದರೆ ಕಾಯಕ ಮಾಡುವ ಕಾಯವೂ ಕಾಪಾಡಬೇಕಾದದ್ದೇ. ಅದನ್ನು ಕ್ಷೇಮವಾಗಿಟ್ಟುಕೊಂಡು ನಮ್ಮ ಹೆಣ್ಣುಮಕ್ಕಳು ಕಲಿತು, ಬೆಳೆದು, ನಗುನಗುತ್ತಾ ಮರಳಲಿ.