ಸವೆಯದೆಯೂ ಮುಪ್ಪಾಗುವ ಟೈರು

ನಮ್ಮ ಮನೆತನದಲ್ಲಿ ಒಂದು ಚಿಕ್ಕ ಕಾರು ಇದೆ. 2013ರಲ್ಲಿ ಕೊಂಡ ಮಾರುತಿ ಆಲ್ಟೊ 800. ಮದುವೆ, ಜಾತ್ರೆ, ಆಸ್ಪತ್ರೆ, ಬೀಗರೂರು ಇಷ್ಟಕ್ಕೆ ಮಾತ್ರ ಅದು ಬಾಗಿಲು ದಾಟುವುದು. ಒಂಬತ್ತು ವರ್ಷಗಳಲ್ಲಿ ಅದು ಓಡಿದುದು ಇಪ್ಪತ್ತೇಳು ಸಾವಿರ ಕಿಲೋಮೀಟರು ಮಾತ್ರ. ಟೈರುಗಳ ಗೆರೆಗಳು ಆಳವಾಗಿಯೇ ಇದ್ದವು. ನೋಡಿದವರೆಲ್ಲರೂ "ಇನ್ನೂ ಹೊಸದರಂತಿವೆ" ಎನ್ನುತ್ತಿದ್ದರು. ನಾವೂ ಹಾಗೆಯೇ ನಂಬಿದ್ದೆವು.

2022ರ ಮೇ ತಿಂಗಳಿನಲ್ಲಿ ಒಂದು ಮಧ್ಯಾಹ್ನ ಧಾರವಾಡದಿಂದ ಹೊರಟು, ನವಲಗುಂದವನ್ನು ದಾಟಿ ನರಗುಂದದ ಕಡೆಗೆ ಸಾಗಿದ್ದೆವು. ಒಳಗೆ ಐವರು, ಹಿಂದೆ ಮದುವೆಯ ಸಾಮಾನು, ಬುತ್ತಿಯ ಗಂಟು, ನೀರಿನ ಕೊಡ. ಎರಡೂ ಕಡೆ ಬಿರುಕುಬಿಟ್ಟ ಎರೆಯ ಹೊಲಗಳು. ಒಮ್ಮೆಲೇ ಪಟಾಕಿ ಹಾರಿದಂತಹ ಸದ್ದಾಗಿ, ಕಾರು ಹಿಂಭಾಗದಿಂದ ಎಡಬಲಕ್ಕೆ ಓಲಾಡತೊಡಗಿತು. ನಡೆಸುತ್ತಿದ್ದ ನಮ್ಮ ತಮ್ಮನ ಮಗನು ಬ್ರೇಕನ್ನು ತುಳಿಯಲಿಲ್ಲ. ಸ್ಟೇರಿಂಗನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆದು, ವೇಗವು ತಾನಾಗಿ ಇಳಿಯುವವರೆಗೆ ಕಾದು, ಕಾರನ್ನು ಅಂಚಿಗೆ ತಂದು ನಿಲ್ಲಿಸಿದನು. ಎದುರಿನಿಂದ ಬರುತ್ತಿದ್ದ ಲಾರಿಯೊಂದು ಆ ಹೊತ್ತಿಗೆ ನಮ್ಮನ್ನು ದಾಟಿ ಹೋಗಿತ್ತು. ಅರ್ಧ ನಿಮಿಷ ಮುಂಚಿತವಾಗಿ ಟೈರು ಒಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ಕಾರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇಳಿದು ನೋಡಿದರೆ ಹಿಂದಿನ ಎಡ ಟೈರಿನ ಪಕ್ಕೆ ಸೀಳಿಹೋಗಿದೆ. ಸ್ಟೆಪ್ನಿಯನ್ನು ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ! ಒಂಬತ್ತು ವರ್ಷಗಳಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಟ್ರ್ಯಾಕ್ಟರಿನವನೊಬ್ಬ ಅದನ್ನು ನರಗುಂದಕ್ಕೆ ಒಯ್ದು ಗಾಳಿ ತುಂಬಿಸಿ ತಂದುಕೊಟ್ಟನು. ನರಗುಂದದಲ್ಲಿ ಪಂಕ್ಚರ್ ಅಂಗಡಿಯ ಹುಡುಗನು ಒಡೆದ ಟೈರನ್ನು ಹೊರಳಿಸಿ, ಪಕ್ಕೆಯ ಮೇಲಿನ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟು, "ಅಜ್ಜಾರ, ಇದು ಸವೆದು ಸತ್ತದ್ದಲ್ರಿ, ವಯಸ್ಸಾಗಿ ಸತ್ತದ್ದು" ಎಂದನು. ಅಂಕಿಗಳು 2213. ಅಂದರೆ 2013ನೆಯ ವರ್ಷದ 22ನೆಯ ವಾರದಲ್ಲಿ ಹುಟ್ಟಿದ ಟೈರು. ತಪ್ಪು ಟೈರಿನದಲ್ಲ, ನಮ್ಮದು.

ಐವತ್ತು ವರ್ಷ ಅಕ್ಷರಗಳ ಜೊತೆಯಲ್ಲಿಯೇ ಬಾಳಿದ ನಾವು, ಮನೆಯ ಅಂಗಳದಲ್ಲಿ ನಿಂತ ವಸ್ತುವಿನ ಮೇಲೆ ಅಚ್ಚೊತ್ತಿದ್ದ ಬರಹವನ್ನು ಒಮ್ಮೆಯೂ ಓದಿರಲಿಲ್ಲ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಇಂತಹುದೇ ಕಾರು, ಇಷ್ಟೇ ಓಡಾಟದಿಂದ ನಿಂತಿರುವುದು. ಆದುದರಿಂದ ಅಂದಿನಿಂದ ನಾವು ಕೇಳಿ, ಓದಿ, ಕಂಡುಕೊಂಡುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ಟೈರಿನ ಪಕ್ಕೆಯಲ್ಲಿ 145/80 ಆರ್ 12 ಎಂದು ಇರುವುದಷ್ಟೆ. 145 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಪಕ್ಕೆಯ ಎತ್ತರವು ಆ ಅಗಲದ ನೂರಕ್ಕೆ ಎಂಬತ್ತು, ಅಂದರೆ 116 ಮಿಲಿಮೀಟರು. ಆರ್ ಎಂಬುದು ರೇಡಿಯಲ್ ರಚನೆಯ ಗುರುತು. 12 ಎಂಬುದು ಒಳಗಿನ ಚಕ್ರದ ವ್ಯಾಸ, ಇಂಚುಗಳಲ್ಲಿ. ಮೂರು ಅಳತೆಗಳಲ್ಲಿ ಒಂದು ಮಿಲಿಮೀಟರು, ಒಂದು ಶೇಕಡಾ, ಒಂದು ಇಂಚು. ಇಂತಹ ಮಿಶ್ರಭಾಷೆಯನ್ನು ಯಾವ ವ್ಯಾಕರಣಕಾರನೂ ಒಪ್ಪಲಾರನು. ಅದರ ಮುಂದೆ 74 ಎಂದಿದ್ದರೆ ಆ ಟೈರು ಹೊರಬಲ್ಲ ಗರಿಷ್ಠ ಭಾರ 375 ಕಿಲೋಗ್ರಾಂ ಎಂದರ್ಥ. ಅದಕ್ಕೆ ಅಂಟಿಕೊಂಡ ಅಕ್ಷರವು ವೇಗದ ಮಿತಿ: ಎಸ್ ಎಂದರೆ ಗಂಟೆಗೆ 180, ಟಿ ಎಂದರೆ 190 ಕಿಲೋಮೀಟರು. ಆ ಭಾರವನ್ನು ಹೊರಬೇಕಾದರೆ ಒಳಗೆ ತಕ್ಕಷ್ಟು ಗಾಳಿ ಇರಬೇಕು. ಗಾಳಿ ಕಡಿಮೆಯಾದಂತೆ ಹೊರುವ ಶಕ್ತಿಯೂ ಇಳಿಯುವುದು. ಪಕ್ಕೆಗಳು ಅತಿಯಾಗಿ ಬಾಗಿ ಬಾಗಿ ಒಳಗೇ ಕಾವೇರುವುದು. ಹಳೆಯ ರಬ್ಬರು, ಕಡಿಮೆ ಗಾಳಿ, ತುಂಬಿದ ಭಾರ, ಮೇ ತಿಂಗಳ ಡಾಂಬರು. ಅಂದು ನಮ್ಮ ಕಾರಿನಲ್ಲಿ ಈ ನಾಲ್ಕೂ ಕೂಡಿದ್ದವು.

ಬಳಸದಿದ್ದರೆ ಟೈರು ಉಳಿಯುವುದೆಂಬುದು ನಮ್ಮ ಜನರಲ್ಲಿ ಬೇರೂರಿದ ಭ್ರಮೆ. ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯೂ ಮಡಿಕೆಯಲ್ಲಿ ಹರಿಯುವುದನ್ನು ಎಲ್ಲ ತಾಯಂದಿರೂ ಬಲ್ಲರು. ಗಾಳಿಯಲ್ಲಿರುವ ಆಮ್ಲಜನಕ, ಓಜೋನ್ ಮತ್ತು ಬಿಸಿಲು ಇವು ರಬ್ಬರನ್ನು ದಿನದಿನವೂ ಗಡುಸು ಮಾಡುತ್ತಿರುತ್ತವೆ. ಅದನ್ನು ತಡೆಯಲೆಂದು ತಯಾರಕರು ರಬ್ಬರಿನಲ್ಲಿ ಮೇಣದಂತಹ ರಕ್ಷಕ ದ್ರವ್ಯಗಳನ್ನು ಬೆರೆಸಿರುತ್ತಾರೆ. ಚಕ್ರ ಉರುಳಿ ರಬ್ಬರು ಬಾಗಿದಾಗಲೇ ಅವು ಮೇಲ್ಮೈಗೆ ಚೆನ್ನಾಗಿ ಒಸರಿ ಬರುವುದು. ನಿಂತೇ ಇರುವ ಕಾರಿಗೆ ಆ ರಕ್ಷಣೆಯೂ ಪೂರ್ತಿಯಾಗಿ ದೊರೆಯದು. ಹೀಗಾಗಿ ನಮ್ಮಂತಹ ಮನೆಗಳಲ್ಲಿ ಗೆರೆ ಸವೆಯುವ ಮೊದಲೇ ಪಕ್ಕೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು ಕಾಣಿಸುತ್ತವೆ. ಐದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಹತ್ತು ವರ್ಷ ಮೀರಿದುದನ್ನು ಹೇಗೇ ಕಂಡರೂ ತೆಗೆದುಹಾಕಬೇಕೆಂದೂ ತಯಾರಕರೇ ಹೇಳುವುದುಂಟು. ನಮ್ಮ ಕಡೆಯ ಬಿಸಿಲಿಗೆ ಹತ್ತು ಎಂಬುದು ಬಹಳವಾಯಿತು. ಆರೇಳು ವರ್ಷಕ್ಕೆ ಬದಲಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಹೆಚ್ಚು ಓಡುವ ಕಾರಿನವರು ಗೆರೆಯನ್ನು ನೋಡಬೇಕು. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದಿತೆಂದರೆ ಉಳಿದ ಆಳ 1.6 ಮಿಲಿಮೀಟರು ಮಾತ್ರ. ಮಳೆಯ ನೀರನ್ನು ಪಕ್ಕಕ್ಕೆ ತಳ್ಳಲು ಅಷ್ಟು ಸಾಲದು. ಚಕ್ರವು ನೀರಿನ ಮೇಲೆ ತೇಲತೊಡಗಿ ಬ್ರೇಕು ಹಿಡಿಯದಾಗುವುದು.

ಇನ್ನು ಹೊಸದನ್ನು ಕೊಳ್ಳುವ ಮಾತು. ಅಂಗಡಿಯಲ್ಲಿ ಮೊದಲು ಕೇಳುವುದು ಬೆಲೆ, ಆಮೇಲೆ ಕಂಪನಿಯ ಹೆಸರು. ನಾವು ಮೊದಲು ಆ ನಾಲ್ಕು ಅಂಕಿಗಳನ್ನು ನೋಡಿರೆನ್ನುತ್ತೇವೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ "ಸ್ವಾಮೀ, ತಮಗಾಗಿ ವಿಶೇಷ ರಿಯಾಯಿತಿ" ಎಂದು ಉರುಳಿಸಿಕೊಂಡು ತಂದ ಟೈರು ಎರಡೂವರೆ ವರ್ಷದಷ್ಟು ಹಳೆಯದಾಗಿತ್ತು. ನೆರಳಿನಲ್ಲಿ ಸರಿಯಾಗಿ ಇಟ್ಟ ಟೈರು ಅಷ್ಟರಲ್ಲಿ ಕೆಟ್ಟುಹೋಗದೆಂಬುದು ನಿಜವೇ. ವರ್ಷಕ್ಕೆ ಇಪ್ಪತ್ತು ಸಾವಿರ ಓಡಿಸುವವನಿಗೆ ಅದು ಲಾಭದ ಮಾತಾದೀತು. ಕಡಿಮೆ ಓಡಿಸುವವರಿಗೆ ಟೈರಿನ ಆಯುಷ್ಯವೇ ವರ್ಷಗಳ ಲೆಕ್ಕದಲ್ಲಿರುವುದರಿಂದ, ಆ ಎರಡೂವರೆ ವರ್ಷ ನೇರವಾಗಿ ನಷ್ಟ. ಆರು ತಿಂಗಳೊಳಗಿನದನ್ನು ಕೇಳಿ ಪಡೆಯಿರಿ. ಐ.ಎಸ್.ಐ. ಗುರುತನ್ನೂ ನೋಡಿಕೊಳ್ಳಿರಿ. ಹೆಚ್ಚು ಕಿಲೋಮೀಟರು ಬಾಳುವ ಗಡಸು ರಬ್ಬರಿಗಿಂತ ಒದ್ದೆ ರಸ್ತೆಯಲ್ಲಿ ಹಿಡಿತವುಳ್ಳದ್ದು ನಮ್ಮಂತಹವರಿಗೆ ಮೇಲು. ಹೇಗೂ ಅದನ್ನು ಸವೆಸುವವರು ನಾವಲ್ಲ. ಅಂದಹಾಗೆ, ಮೈಸೂರಿನಲ್ಲಿ ವಿಕ್ರಾಂತ್ ಎಂಬ ಹೆಸರಿನಿಂದ ನಡೆದು 1997ರಲ್ಲಿ ಜೆ.ಕೆ. ಸಮೂಹಕ್ಕೆ ಸೇರಿದ ಕಾರ್ಖಾನೆಯಲ್ಲಿ ನಮ್ಮ ನಾಡಿನಲ್ಲಿಯೇ ಟೈರು ತಯಾರಾಗುತ್ತಿರುವುದನ್ನು ಬಹುಜನರು ಅರಿಯರು.

ಮನೆಯ ಯುವಕರು ಅಗಲ ಟೈರು ಹಾಕಿಸೋಣವೆಂದು ಹಟ ಹಿಡಿಯುವುದುಂಟು. 165/70 ಆರ್ 12ರ ಹೊರವ್ಯಾಸವು ಲೆಕ್ಕಕ್ಕೆ ಹಳೆಯದರಷ್ಟೇ ಬರುವುದು. ಎರಡೂ 537 ಮಿಲಿಮೀಟರಿನ ಆಸುಪಾಸು. ಆದರೆ ಚಕ್ರದ ಅಗಲ ಹೆಚ್ಚಿರುವುದಿಲ್ಲವಾದ್ದರಿಂದ ಟೈರು ಸರಿಯಾಗಿ ಕೂರದು, ಸ್ಟೇರಿಂಗು ಭಾರವಾಗುವುದು, ಪೆಟ್ರೋಲು ಹೆಚ್ಚು ಬೇಡುವುದು. ಕಾರು ಮಾಡಿದವರು ಹೇಳಿದ ಅಳತೆಯನ್ನೇ ಹಾಕಿಸಿರಿ.

ನಾಲ್ಕನ್ನೂ ಒಮ್ಮೆಗೇ ಕೊಳ್ಳಲು ಆಗದಿದ್ದರೆ ಎರಡನ್ನು ಕೊಳ್ಳಬಹುದು, ಒಂದನ್ನಲ್ಲ. ಆ ಎರಡನ್ನು ಎಲ್ಲಿ ಹಾಕುವುದೆಂಬುದಕ್ಕೆ ನಾವು ಅಂಗಡಿಯವನೊಡನೆ ಅರ್ಧ ತಾಸು ವಾದಿಸಬೇಕಾಯಿತು. ಎಂಜಿನ್ನು ಎಳೆಯುವುದು ಮುಂದಿನ ಚಕ್ರಗಳನ್ನು, ಆದುದರಿಂದ ಹೊಸದು ಮುಂದಕ್ಕೆ ಎಂದು ಅವನ ಪಟ್ಟು. ಮುಂದಿನದು ಬೇಗ ಸವೆಯುವುದು ನಿಜ. ಆದರೆ ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಹೋಗುವುದು, ನಡೆಸುವವನಿಗೆ ಕೂಡಲೇ ತಿಳಿಯುವುದು. ವೇಗ ಇಳಿಸಿದರೆ ಹಿಡಿತ ಮರಳುವುದು. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುವುದು. ಅದನ್ನು ಸರಿಪಡಿಸುವ ಚಾತುರ್ಯ ಸಾಮಾನ್ಯರಿಗಿಲ್ಲ. ಆದುದರಿಂದ ಹೊಸದು ಹಿಂದಕ್ಕೇ. ನಾವು ಹಾಗೆಯೇ ಹಾಕಿಸಿದೆವು, ಅವನು ಮುಖ ಗಂಟಿಕ್ಕಿದರೂ. ಹಾಕಿಸುವಾಗ ಗಾಳಿಯ ವಾಲ್ವನ್ನು ಬದಲಿಸಿ, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸುವುದು ಅವಶ್ಯ. ಟ್ಯೂಬ್‌ಲೆಸ್ ಟೈರಿನ ನೆಲ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದರೆ ದುರಸ್ತಿಯಾದೀತು. ಪಕ್ಕೆಯ ಗಾಯಕ್ಕೆ ಔಷಧವಿಲ್ಲ.

ಪಾಲನೆಯಲ್ಲಿ ಮುಖ್ಯವಾದುದು ಗಾಳಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ಕಾರಿನ ಪುಸ್ತಕದಲ್ಲಿರುತ್ತದೆ; ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ ಮೂವತ್ತು ಪೌಂಡಿನ ಆಸುಪಾಸು. ಟೈರಿನ ಪಕ್ಕೆಯಲ್ಲಿ ಬರೆದ ಗರಿಷ್ಠ ಒತ್ತಡವನ್ನು ತುಂಬಿಸಬಾರದು. ಅಳೆಯಬೇಕಾದುದು ಮುಂಜಾನೆ, ಕಾರು ಓಡುವ ಮೊದಲು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ನಾಲ್ಕಾರು ಪೌಂಡು ಹೆಚ್ಚು ತೋರುವುದು ಸಹಜ; ಅದನ್ನು ಕಂಡು ಗಾಳಿ ಬಿಟ್ಟರೆ ತಣಿದ ಮೇಲೆ ಕೊರತೆಯಾಗುವುದು. ನಿಂತ ಕಾರಿನಲ್ಲಿಯೂ ತಿಂಗಳಿಗೆ ಒಂದು ಪೌಂಡಿನಷ್ಟು ಸೋರುವುದು. ನಮ್ಮ ಮನೆಯಲ್ಲಿ ಈಗ ಜೇಬಿನಲ್ಲಿ ಹಿಡಿಯುವ ಚಿಕ್ಕ ಗೇಜು ಇದೆ. ಪ್ರತಿ ಹುಣ್ಣಿಮೆಯ ಮುಂಜಾನೆ ಮೊಮ್ಮಗಳು ಐದು ಟೈರುಗಳನ್ನೂ ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ನೈಟ್ರೋಜನ್ ತುಂಬಿಸಿರೆಂದು ಬಂಕಿನವರು ಹೇಳಿದರೆ, ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಭಾಗ ಅದೇ ಇದೆ ಎಂಬುದು ನೆನಪಿರಲಿ. ನಡುಗೆರೆ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತೆಂದೂ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆಯೆಂದೂ ತಿಳಿಯಬೇಕು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆಯಾದರೂ ಊರ ಹೊರಗೆ ಓಡಿಸಿ ತನ್ನಿರಿ. ಮಿಂಚಲೆಂದು ಸೀಮೆಎಣ್ಣೆ, ಡೀಸೆಲ್ ಸವರುವ ಹುಚ್ಚನ್ನು ಬಿಡಿರಿ; ಅದು ರಬ್ಬರನ್ನೇ ತಿನ್ನುವುದು.

ಸ್ಟೆಪ್ನಿ ಎಂಬ ಮಾತು ನಮ್ಮ ಹಳ್ಳಿಯ ಬಾಯಲ್ಲಿಯೂ ಇದೆ. ಅದು ಬಂದುದು ವೇಲ್ಸ್ ದೇಶದ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಎಂಬ ಬೀದಿಯಿಂದ; 1904ರಲ್ಲಿ ಅಲ್ಲಿಯೇ ಬಿಡಿ ಚಕ್ರದ ವ್ಯಾಪಾರ ಆರಂಭವಾಯಿತು. ಅದಕ್ಕೂ ವಯಸ್ಸಾಗುತ್ತದೆ. ನಮ್ಮ ಕಾರಿನ ಸ್ಟೆಪ್ನಿಯ ಗೆರೆಗಳ ಮೇಲೆ ಅಚ್ಚಿನ ರಬ್ಬರು ಮುಳ್ಳುಗಳೂ ಉದುರಿರಲಿಲ್ಲ. ಅಂಕಿ ಮಾತ್ರ 2013ರದೇ. ಐದನೆಯದನ್ನೂ ಅಂದೇ ಬದಲಿಸಿದೆವು. ಹಳೆಯದನ್ನು ಕಡಿಮೆ ಬೆಲೆಗೆ ಕೊಡುವಿರಾ ಎಂದು ನೆರೆಯವರೊಬ್ಬರು ಕೇಳಲು ಬಂದಿದ್ದರು. ಅವರ ಕಣ್ಣೆದುರೇ ಅದರ ಪಕ್ಕೆಯನ್ನು ಕೊಯಿಸಿದೆವು.