ಐರ್ಲೆಂಡಿನ ಕಡಲಂಚಿನ ದಾರಿ

ಪ್ರಶ್ನೆ: ಐರ್ಲೆಂಡಿನ ಗ್ರಾಮಾಂತರವನ್ನೂ ಕಡಲತೀರವನ್ನೂ ಸ್ವತಃ ಕಾರು ನಡೆಸಿಕೊಂಡು ನೋಡಬಯಸುವವರು ಯಾವ ದಾರಿ ಹಿಡಿಯಬೇಕು?

ಉತ್ತರ: ಅಲ್ಲಿಯೂ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಸಂಚರಿಸುವುದರಿಂದ ಕನ್ನಡಿಗನ ಕೈಗೆ ಆ ಮಟ್ಟಿಗೆ ಹೊಸ ಅಭ್ಯಾಸವೇನೂ ಬೇಕಾಗದು. ದಕ್ಷಿಣದ ಕಿನ್ಸೇಲಿನಿಂದ ಉತ್ತರದ ಇನಿಶೋವೆನ್ ಪರ್ಯಾಯದ್ವೀಪದವರೆಗೆ ಸಾಗರದ ಅಂಚನ್ನೇ ಅನುಸರಿಸುವ, 2014ರಲ್ಲಿ 'ವೈಲ್ಡ್ ಅಟ್ಲಾಂಟಿಕ್ ವೇ' ಎಂಬ ಹೆಸರು ಪಡೆದ ಮಾರ್ಗವು ಸುಮಾರು 2500 ಕಿಲೋಮೀಟರಿನಷ್ಟು ದೀರ್ಘವಾದುದು. ಅದನ್ನು ಒಂದೇ ಉಸಿರಿಗೆ ಮುಗಿಸಹೊರಡುವುದು ವಿಹಾರವಲ್ಲ, ದಂಡಯಾತ್ರೆ.

ನನ್ನನ್ನು ಕೇಳುವುದಾದರೆ, ಕ್ಲೇರ್ ಪ್ರಾಂತದ ಬರೆನ್ ಸೀಮೆಯಲ್ಲಿ ನಿಧಾನಿಸುವುದೇ ಲೇಸು. ಹಿಮನದಿಗಳು ಉಜ್ಜಿ ಬೆತ್ತಲಾಗಿಸಿದ ಆ ಸುಣ್ಣಕಲ್ಲಿನ ವಿಸ್ತಾರವು ದೂರದಿಂದ ಕೇವಲ ಬರಡೆಂದು ತೋರಿದರೂ, ಮೇ ತಿಂಗಳಿನಲ್ಲಿ ಕಾರಿನಿಂದಿಳಿದು ಬಾಗಿ ನೋಡಿದವನಿಗೆ, ಬಂಡೆಗಳ ನಡುವಣ ತೆಳುಹುಲ್ಲಿನಲ್ಲಿ, ಆಲ್ಪ್ಸ್ ಪರ್ವತಗಳ ಕಡುನೀಲಿಯ ಜೆಂಷಿಯನ್ ಹೂವೂ ಮೆಡಿಟರೇನಿಯನ್ ತೀರದ ಆರ್ಕಿಡ್ಡೂ ನೆರೆಹೊರೆಯವರಂತೆ ಅರಳಿರುವ ವಿಸ್ಮಯವು ಗೋಚರಿಸುತ್ತದೆ. ಸಮೀಪದಲ್ಲೇ ಇರುವ, 214 ಮೀಟರಿನವರೆಗೆ ಎತ್ತರವುಳ್ಳ ಮೋಹರ್ ಕಡಿಬಂಡೆಗಳು ಭವ್ಯವೇ ಸರಿ. ಜನಜಂಗುಳಿಯೂ ಅಷ್ಟೇ ಭವ್ಯ.

ಇನ್ನು 179 ಕಿಲೋಮೀಟರಿನ ಕೆರ್ರಿ ವರ್ತುಲ. ಇಕ್ಕಟ್ಟಾದ ತಿರುವುಗಳಲ್ಲಿ ಎದುರುಬದುರಾಗದಿರಲೆಂದು ಪ್ರವಾಸಿ ಬಸ್ಸುಗಳೆಲ್ಲ ಕಿಲಾರ್ನಿಯಿಂದ ಅಪ್ರದಕ್ಷಿಣವಾಗಿಯೇ ಹೊರಡುತ್ತವೆ. ಆದ್ದರಿಂದ ಮುಂಜಾನೆಯೇ ಹೊರಟು ಅವುಗಳಿಗಿಂತ ಮುಂದಿರುವುದು ಜಾಣತನ.

ಉತ್ತರ ಐರ್ಲೆಂಡಿನ ಗಡಿ ದಾಟಿದೊಡನೆ ವೇಗದ ಫಲಕಗಳು ಕಿಲೋಮೀಟರನ್ನು ತೊರೆದು ಮೈಲಿಗೆ ತಿರುಗುತ್ತವೆ. ಆ ಭಾಗವು ಬ್ರಿಟಿಷ್ ಆಡಳಿತಕ್ಕೆ ಸೇರಿದುದಾದ ಕಾರಣ ವೀಸಾದ ವಿಚಾರವನ್ನು ಮೊದಲೇ ತಿಳಿದುಕೊಂಡಿರತಕ್ಕದ್ದು.