ಮಗಳ ಮುಟ್ಟು ಏರುಪೇರಾದಾಗ

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವಿರುತ್ತದೆ, ಗ್ಯಾಸ್ ಸಿಲಿಂಡರ್ ಬಂದ ದಿನವಿರುತ್ತದೆ, ಚೀಟಿ ಹಣ ಕಟ್ಟುವ ತಾರೀಕಿಗೆ ಸುತ್ತು ಹಾಕಿರುತ್ತದೆ. ಮಗಳು ಮುಟ್ಟಾದ ದಿನ ಮಾತ್ರ ಎಲ್ಲೂ ಇರುವುದಿಲ್ಲ. ‘ಕಳೆದ ಸಲ ಯಾವಾಗ ಆಗಿದ್ದು?’ ಎಂದು ವೈದ್ಯರು ಕೇಳಿದರೆ ತಾಯಿ ಮಗಳ ಮುಖ ನೋಡುತ್ತಾಳೆ, ಮಗಳು ನೆಲ ನೋಡುತ್ತಾಳೆ. ‘ಗೌರಿ ಹಬ್ಬಕ್ಕೆ ಮುಂಚೆ ಇರಬೇಕು ಡಾಕ್ಟ್ರೇ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಈಚೆಗೆ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರು ಪಿಸಿಓಎಸ್. ಕೆಲವರು ಪಿಸಿಓಡಿ ಎನ್ನುತ್ತಾರೆ. ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇರುವ ಈ ತೊಂದರೆಯನ್ನು ಗುರುತಿಸಲು ಮೊದಲು ಬೇಕಾದದ್ದು ಸ್ಕ್ಯಾನಿಂಗ್ ಅಲ್ಲ, ಆ ತಾರೀಕು.

ಎರಡು ಮನೆಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಒಂಬತ್ತನೇ ತರಗತಿಯ ಹುಡುಗಿ. ಮೈನೆರೆದು ಒಂದೂವರೆ ವರ್ಷವಾಗಿದೆ. ಒಮ್ಮೆ 28 ದಿನಕ್ಕೆ ಮುಟ್ಟಾದರೆ ಇನ್ನೊಮ್ಮೆ 42 ದಿನ. ನೆಂಟರ ಮಾತು ಕೇಳಿ ಸ್ಕ್ಯಾನಿಂಗ್ ಮಾಡಿಸಿದರು. ವರದಿಯಲ್ಲಿ ‘ಪಾಲಿಸಿಸ್ಟಿಕ್’ ಎಂಬ ಪದ ಕಂಡದ್ದೇ ಮಗುವಿಗೆ ಅನ್ನ ಬಂದ್, ಅಮ್ಮನಿಗೆ ನಿದ್ದೆ ಬಂದ್. ಇನ್ನೊಂದು ಮನೆಯಲ್ಲಿ ಬಿ.ಕಾಂ. ಓದುವ ಹತ್ತೊಂಬತ್ತರ ಹುಡುಗಿ. ವರ್ಷಕ್ಕೆ ಮೂರು ನಾಲ್ಕು ಬಾರಿ ಮಾತ್ರ ಮುಟ್ಟು. ಗದ್ದದ ಕೂದಲನ್ನು ಯಾರಿಗೂ ಕಾಣದಂತೆ ಕಿತ್ತುಕೊಳ್ಳುತ್ತಾಳೆ. ಕತ್ತಿನ ಹಿಂಭಾಗ ಕಪ್ಪಾಗಿದೆ. ಕೊಳೆಯೆಂದು ತಿಳಿದು ತಾಯಿ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಾರೆ. ‘ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ’ ಎಂದು ಅಜ್ಜಿ ತೀರ್ಪು ಕೊಟ್ಟಾಗಿದೆ.

ಗಾಬರಿ ಮೊದಲ ಮನೆಯಲ್ಲಿದೆ. ವೈದ್ಯರ ಬಳಿ ಹೋಗಬೇಕಾದದ್ದು ಎರಡನೆಯ ಮನೆಯವರು.

ಈ ಗೊಂದಲಕ್ಕೆ ಕಾಯಿಲೆಯ ಹೆಸರೂ ಒಂದು ಕಾರಣ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಹೆಂಗಸರ ಬಗ್ಗೆ ಬರೆದಾಗ ಅವರ ಅಂಡಾಶಯಗಳಲ್ಲಿ ಕಂಡದ್ದನ್ನು ನೀರುಗುಳ್ಳೆ ಎಂದೇ ಕರೆದರು. ಹೆಸರು ಅಂಟಿಕೊಂಡಿತು. ನಿಜಕ್ಕೂ ಅವು ಗುಳ್ಳೆಗಳಲ್ಲ, ಅಂಡಾಣುವನ್ನು ಹೊತ್ತ ಪುಟ್ಟ ಚೀಲಗಳು. ಪ್ರತಿ ತಿಂಗಳೂ ಇಂಥ ಹಲವು ಚೀಲಗಳು ಬೆಳೆಯತೊಡಗಿ, ಒಂದು ಮಾತ್ರ ಪೂರ್ತಿ ಬಲಿತು ಒಡೆದು ಅಂಡಾಣುವನ್ನು ಹೊರಹಾಕುತ್ತದೆ. ಪಿಸಿಓಎಸ್ ಇದ್ದವರಲ್ಲಿ ಅವು ಅರ್ಧದಲ್ಲೇ ನಿಲ್ಲುತ್ತವೆ. ಅವನ್ನು ಆಪರೇಷನ್ ಮಾಡಿ ತೆಗೆಸುವ ಮಾತೇ ಇಲ್ಲ. ಹದಿಹರೆಯದಲ್ಲಂತೂ ಆರೋಗ್ಯವಂತ ಹುಡುಗಿಯರ ಅಂಡಾಶಯದಲ್ಲೂ ಇಂಥ ಚೀಲಗಳು ಬಹಳ ಕಾಣುತ್ತವೆ. ಹೀಗಾಗಿಯೇ, ಮೈನೆರೆದು ಎಂಟು ವರ್ಷ ಆಗುವವರೆಗೆ ಪಿಸಿಓಎಸ್ ಪತ್ತೆಗೆ ಸ್ಕ್ಯಾನಿಂಗ್ ನೆಚ್ಚಬೇಡಿ ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ. ಬೇರೆ ಅನುಮಾನವಿದ್ದು ವೈದ್ಯರು ಬರೆದುಕೊಟ್ಟರೆ ಅದು ಬೇರೆ ಮಾತು.

ಹಾಗಾದರೆ ಯಾವುದು ಸರಿ, ಯಾವುದು ತಪ್ಪು? ಮೈನೆರೆದ ಮೊದಲ ವರ್ಷ ಮುಟ್ಟು ಹೇಗೆ ಬಂದರೂ ಸಾಮಾನ್ಯವಾಗಿ ಚಿಂತೆಯಿಲ್ಲ. ಮುಂದಿನ ಎರಡು ವರ್ಷ 21ರಿಂದ 45 ದಿನಗಳ ಅಂತರ ಸಹಜ. ಮೂರು ವರ್ಷ ಕಳೆದ ಮೇಲೆ 35 ದಿನ ದಾಟುವುದೇ ರೂಢಿಯಾದರೆ ತೋರಿಸಬೇಕು. ಮೊದಲ ವರ್ಷ ಮುಗಿದ ಬಳಿಕ ಒಂದೇ ಸಲವಾದರೂ 90 ದಿನ ದಾಟಿದರೆ, ಅಥವಾ 15 ತುಂಬಿದರೂ ಮೈನೆರೆಯದಿದ್ದರೆ ಕಾಯಬಾರದು. ಹದಿಹರೆಯದವರಲ್ಲಿ ಪಿಸಿಓಎಸ್ ಎನ್ನಬೇಕಾದರೆ ಮುಟ್ಟಿನ ಏರುಪೇರಿನ ಜೊತೆಗೆ ಪುರುಷ ಹಾರ್ಮೋನು ಹೆಚ್ಚಿರುವ ಗುರುತೂ ಇರಬೇಕು: ಮುಖದ ಮೇಲೆ ಒರಟು ಕೂದಲು, ಹಟ ಹಿಡಿದ ಮೊಡವೆ, ಇಲ್ಲವೇ ರಕ್ತಪರೀಕ್ಷೆಯ ಸಾಕ್ಷಿ. ಥೈರಾಯ್ಡ್ ತೊಂದರೆಯೂ ಮುಟ್ಟನ್ನು ಕೆಡಿಸುವುದರಿಂದ ಅದನ್ನೂ ನೋಡಿಸುತ್ತಾರೆ.

ಪುರುಷ ಹಾರ್ಮೋನು ಎಂದ ಕೂಡಲೇ ಹೆದರಬೇಡಿ. ಎಲ್ಲ ಹೆಂಗಸರ ಮೈಯಲ್ಲೂ ಅದು ಸ್ವಲ್ಪ ಇದ್ದೇ ಇರುತ್ತದೆ. ಈ ಹುಡುಗಿಯರಲ್ಲಿ ಹಲವರ ದೇಹ ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳುವುದಿಲ್ಲ. ಮೇದೋಜೀರಕಾಂಗ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಪುರುಷ ಹಾರ್ಮೋನನ್ನು ಹೆಚ್ಚು ಮಾಡಿಸುತ್ತದೆ. ಕತ್ತಿನ ಕಪ್ಪು ಕೂಡ ಇದರದ್ದೇ ಗುರುತು, ಉಜ್ಜಿದರೆ ಹೋಗುವಂಥದ್ದಲ್ಲ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆಯೇ ಎಂದು ವೈದ್ಯರು ಕೇಳಿದರೆ ತಂದೆಯ ಕಡೆಯದ್ದನ್ನೂ ಹೇಳಿ. ತೆಳ್ಳಗಿನ ಹುಡುಗಿಯರಿಗೂ ಇದು ಬರುತ್ತದೆ.

ಮುಟ್ಟಿಲ್ಲದಿದ್ದರೆ ಒಳ್ಳೆಯದೇ ಆಯಿತು, ಪರೀಕ್ಷೆಗೆ ಓದಬಹುದು ಎಂದುಕೊಳ್ಳುವ ಹುಡುಗಿಯರೂ ಇದ್ದಾರೆ. ಆದರೆ ತಿಂಗಳುಗಟ್ಟಲೆ ಕಳಚದ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ. ವರ್ಷಾನುಗಟ್ಟಲೆ ಹೀಗೇ ಬಿಟ್ಟರೆ ಮುಂದೆ ಅಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆಯೂ ಹೆಚ್ಚುತ್ತದೆ. ಆದ್ದರಿಂದಲೇ ವೈದ್ಯರು ಹಾರ್ಮೋನು ಮಾತ್ರೆ ಬರೆಯುವುದು. ಔಷಧದ ಅಂಗಡಿಯವರು ‘ಇದು ಗರ್ಭನಿರೋಧಕ’ ಎಂದಾಗ ಅನೇಕ ತಾಯಂದಿರು ಚೀಟಿ ಮಡಚಿಕೊಂಡು ಹಿಂತಿರುಗುತ್ತಾರೆ. ಮದುವೆಯಾಗದ ಹುಡುಗಿಗೆ ಇದೇನು ಎಂಬ ಸಂಕೋಚ. ಇಲ್ಲಿ ಅದು ಮುಟ್ಟನ್ನು ಕ್ರಮಕ್ಕೆ ತರುವ, ಪುರುಷ ಹಾರ್ಮೋನನ್ನು ತಗ್ಗಿಸುವ ಔಷಧ. ಅದರಿಂದ ಮುಂದೆ ಮಕ್ಕಳಾಗದೆ ಹೋಗುವುದಿಲ್ಲ. ಆದರೆ ನೆರೆಮನೆಯವರ ಮಾತ್ರೆ ತಂದು ನುಂಗಿಸಬೇಡಿ. ರಕ್ತದೊತ್ತಡ, ಅರೆತಲೆನೋವು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದುಂಟೇ ಎಂಬುದನ್ನೆಲ್ಲ ವಿಚಾರಿಸಿಯೇ ಕೊಡಬೇಕಾದದ್ದು ಅದು. ಕೆಲವರಿಗೆ ಮೆಟ್‌ಫಾರ್ಮಿನ್ ಕೊಡುತ್ತಾರೆ. ಅದು ಸಕ್ಕರೆ ಕಾಯಿಲೆಯ ಮಾತ್ರೆ ನಿಜ. ಹಾಗೆಂದು ಮಗಳಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದಲ್ಲ.

ಇನ್ನು ಊಟ. ಹುಡುಗಿಯನ್ನು ಉಪವಾಸ ಕೆಡವುವುದು ಚಿಕಿತ್ಸೆಯಲ್ಲ. ರಾಗಿಮುದ್ದೆಯೋ ಅನ್ನವೋ, ಅಳತೆಯಲ್ಲಿರಲಿ. ಜೊತೆಗೆ ಸೊಪ್ಪಿನ ಸಾರು, ಕಾಳು, ಮೊಟ್ಟೆ ಇರಲಿ. ತೂಕ ಹೆಚ್ಚಿದ್ದವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ, ಅಂದರೆ 70 ಕೆ.ಜಿ. ಇದ್ದವಳು ನಾಲ್ಕೈದು ಕೆ.ಜಿ. ಇಳಿಸಿದರೂ, ಎಷ್ಟೋ ಮಂದಿಗೆ ಮುಟ್ಟು ತಾನಾಗಿ ದಾರಿಗೆ ಬರುತ್ತದೆ. ಆದರೆ ನಮ್ಮ ಪಿಯುಸಿ ಮಕ್ಕಳ ದಿನಚರಿ ನೋಡಿ: ಬೆಳಿಗ್ಗೆ ಟ್ಯೂಷನ್, ಹಗಲು ಕಾಲೇಜು, ಸಂಜೆ ಮತ್ತೆ ಸಿಇಟಿ ಕೋಚಿಂಗ್, ರಾತ್ರಿ ಬೇಕರಿ ಪಫ್ಸ್ ತಿಂದು ಓದು. ಮೈನೆರೆದ ಮೇಲೆ ಆಟವನ್ನು ನಾವೇ ಬಿಡಿಸಿರುತ್ತೇವೆ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಬೆವರುವಷ್ಟು ಓಡಾಟ ಬೇಕು. ‘ಡುಮ್ಮಿ’ ಎಂದು ಛೇಡಿಸಿದರೆ ತೂಕ ಇಳಿಯುವುದಿಲ್ಲ, ಮಗಳು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಖಿನ್ನತೆ, ಆತಂಕ ಈ ತೊಂದರೆ ಇರುವವರಲ್ಲಿ ಹೇಗೂ ಹೆಚ್ಚು.

ಮಕ್ಕಳಾಗುವ ವಿಷಯ ಅಮ್ಮಂದಿರ ಎದೆಯಲ್ಲಿ ಕುಟುಕುತ್ತಲೇ ಇರುತ್ತದೆ. ಪಿಸಿಓಎಸ್ ಇರುವ ಹೆಚ್ಚಿನವರು ತಾಯಂದಿರಾಗುತ್ತಾರೆ. ಕೆಲವರಿಗೆ ಅಂಡಾಣು ಬಲಿಯಲು ಆಗ ಮಾತ್ರೆ ಬೇಕಾಗಬಹುದು, ಅಷ್ಟೆ.

ಚಿಕಿತ್ಸೆಗೆ ಎಲ್ಲಕ್ಕಿಂತ ನಿಧಾನವಾಗಿ ಬಗ್ಗುವುದು ಮುಖದ ಕೂದಲು. ಆರು ತಿಂಗಳಾದರೂ ಹಿಡಿಯುತ್ತದೆ. ಅಲ್ಲಿಯವರೆಗೆ ಹುಡುಗಿ ಥ್ರೆಡ್ಡಿಂಗ್ ಮಾಡಿಸಿಕೊಳ್ಳುತ್ತೇನೆಂದರೆ ಬೇಡ ಅನ್ನಬೇಡಿ. ತೆಗೆದರೆ ಇನ್ನೂ ದಪ್ಪವಾಗಿ ಬೆಳೆಯುತ್ತದೆ ಎಂಬ ಮಾತು ನಿಜವಲ್ಲ.